ಆಟವೊಂದನ್ನು ಬಿಟ್ಟು ಎಲ್ಲವೂ ನಡೆಯುವ ಸ್ಟೇಡಿಯಂ

ದೇಶದ ಹೆಸರು ಹೇಳುವುದಿಲ್ಲ. ಹೇಳಿದರೆ ಅಶ್ರಫನ ಕೆಲಸಕ್ಕೆ ಸಂಚಕಾರ ಬಂದೀತು. ಯಾಕೆ ಎಂದು ಕೊನೆಗೆ ನಿಮಗೇ ತಿಳಿಯುತ್ತದೆ. ಮಂಗಳೂರಿನಲ್ಲಿ ವಿಮಾನ ಹತ್ತಿದರೆ ಒಂದು ನಿದ್ದೆ ಮುಗಿಯುವುದರೊಳಗೆ ಇಳಿಸುವ ಕೊಲ್ಲಿಯ ಒಂದು ದೇಶ ಎಂದುಕೊಳ್ಳಿ. ನನಗೆ ಆ ನಿದ್ದೆಯೂ ಬರಲಿಲ್ಲ. ಪಕ್ಕದಲ್ಲಿ ಗಿರಿಜಕ್ಕ ಕೂತಿದ್ದಳಲ್ಲ, ದಾರಿಯುದ್ದಕ್ಕೂ ಒಂದೇ ಪ್ರಶ್ನೆ: "ಲೀಲಾ, ಹಪ್ಪಳ ಪುಡಿಯಾಗ್ಲಿಕ್ಕಿಲ್ಲ ಅಲ್ವಾ?"

ನಾನು ಕಡಬದ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದವಳು. ಮಕ್ಕಳಿಗೆ ಫುಟ್‌ಬಾಲ್ ಕಲಿಸಿದ್ದೇನೆ. ಪುಸ್ತಕ ಓದಿ, ಟಿ.ವಿ. ನೋಡಿ ಕಲಿಸಿದ್ದು. ತಾಲೂಕು ಮಟ್ಟದಲ್ಲಿ ನೆಲ್ಯಾಡಿ ಕಡೆಯ ಹುಡುಗರ ಕೈಯಲ್ಲಿ ಪ್ರತಿ ವರ್ಷ ಸೋತು ಬರುತ್ತಿದ್ದೆವು, ಆ ಮಾತು ಬೇರೆ. ಆದರೆ ಒಂದು ನಿಜವಾದ ಸ್ಟೇಡಿಯಂನಲ್ಲಿ ಕೂತು ಒಂದು ನಿಜವಾದ ಮ್ಯಾಚನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ಸಮುದ್ರ ಕಾಣದೆ ಈಜು ಕಲಿಸಿದ ಹಾಗಿತ್ತು ನನ್ನ ಕೆಲಸ. ನಿವೃತ್ತಿಯ ದಿನ ಶಾಲು ಹೊದಿಸಿ ಎಲ್ಲರೂ ಹೊಗಳುವಾಗಲೂ ಅದೊಂದು ಮುಳ್ಳು ಒಳಗೆ ಚುಚ್ಚುತ್ತಲೇ ಇತ್ತು.

ಆಗ ಫೋನ್ ಮಾಡಿದವನು ಅಶ್ರಫ್.

"ಟೀಚರ್, ನಾನೀಗ ಇಲ್ಲಿಯ ನ್ಯಾಶನಲ್ ಸ್ಟೇಡಿಯಂನಲ್ಲಿ ಇರುದು. ಹನ್ನೊಂದು ವರ್ಷ ಆಯ್ತು. ಹುಲ್ಲು ನೋಡಿಕೊಳ್ಳುದು. ಮೇ ತಿಂಗಳಲ್ಲಿ ದೊಡ್ಡ ಮ್ಯಾಚ್ ಉಂಟು. ನೀವು ಬನ್ನಿ, ಬಾಕಿ ಎಲ್ಲ ನಾನು ನೋಡ್ತೇನೆ."

ಯಾವ ಅಶ್ರಫ್ ಎಂದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಪುತ್ತೂರಿನಲ್ಲಿ ಅಪ್ಪನದ್ದು ಒಣಮೀನಿನ ವ್ಯಾಪಾರ. ಹುಡುಗ ಅಜ್ಜಿಮನೆಯಲ್ಲಿದ್ದು ನಮ್ಮ ಶಾಲೆಗೆ ಬರುತ್ತಿದ್ದ. ಒದ್ದರೆ ಚೆಂಡು ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ. ಹಾಗಾಗಿ ಅವನ ಕೈಗೆ ನಾನು ಸುಣ್ಣದ ಬಕೆಟ್ ಕೊಟ್ಟುಬಿಟ್ಟಿದ್ದೆ. ಮೂರು ವರ್ಷ ನಮ್ಮ ಗ್ರೌಂಡಿನ ಗೆರೆಗಳನ್ನೆಲ್ಲ ಹಾಕಿದವನು ಅವನೇ.

ವಿಮಾನ ನಿಲ್ದಾಣ

ಹೆಂಗಸೊಬ್ಬಳೇ ಹೋಗುವುದು ಬೇಡ ಎಂದು ಮನೆಯವರು ಜೊತೆಗೆ ಕಳಿಸಿದ್ದು ಅಜ್ಜಾವರದ ನನ್ನ ಅಕ್ಕ, ಈ ಗಿರಿಜಕ್ಕನನ್ನು. ಅವಳನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕಿತ್ತು. ಪರದೇಶಕ್ಕೆ ಬರಿಗೈಯಲ್ಲಿ ಹೋಗುವುದುಂಟೇ ಎಂದು ಅವಳು ಇನ್ನೂರು ಹಲಸಿನ ಹಪ್ಪಳ ಕಟ್ಟಿದ್ದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬದುಕುತ್ತಿದ್ದೆ. ಅದೇ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ತೊಟ್ಟೆ ತುಂಬ ಉಪ್ಪುಸೊಳೆ! ಉಪ್ಪುನೀರಿನಲ್ಲಿ ನೆನೆದ ಹಲಸಿನ ಸೊಳೆಯನ್ನು ವಿಮಾನದಲ್ಲಿ ಹಾಕುವವರು ನಮ್ಮ ಮೂರು ತಾಲೂಕಿನವರನ್ನು ಬಿಟ್ಟರೆ ಭೂಮಿಯ ಮೇಲೆ ಬೇರೆ ಯಾರೂ ಇರಲಾರರು.

ತೊಟ್ಟೆ ಒಡೆದಿತ್ತು. ಪೆಟ್ಟಿಗೆ ಬೆಲ್ಟಿನ ಮೇಲೆ ಬರುವಾಗಲೇ ಸುತ್ತಲಿನವರು ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಕಸ್ಟಮ್ಸಿನವನು ತೆರೆಯಲು ಹೇಳಿದ. ಇದೇನು ಎಂದು ಅವನ ಭಾಷೆಯಲ್ಲಿ ಕೇಳಿದ. ಗಿರಿಜಕ್ಕ ಸ್ವಲ್ಪವೂ ಅಳುಕದೆ ಕನ್ನಡದಲ್ಲಿ, "ಅದಾ? ಪಲ್ಯ ಮಾಡುದು. ತೆಂಗಿನಕಾಯಿ ಹಾಕಿದರೆ ಒಳ್ಳೆದಾಗ್ತದೆ" ಎಂದಳು.

ಅವನಿಗೆ ನನ್ನ ಕೈಚೀಲದಲ್ಲಿ ಇನ್ನೊಂದು ಸಿಕ್ಕಿತು, ನನ್ನ ಸೀಟಿ. ಇಪ್ಪತ್ತೊಂಬತ್ತು ವರ್ಷ ಕೊರಳಲ್ಲಿದ್ದ ಹಿತ್ತಾಳೆಯ ಸೀಟಿ. ದೊಡ್ಡ ಸ್ಟೇಡಿಯಂನಲ್ಲಿ ಯಾರಿಗೂ ಕಾಣದ ಹಾಗೆ ಒಮ್ಮೆ ಊದಬೇಕು ಎಂಬ ಹುಚ್ಚು ಆಸೆಯಿಂದ ತಂದಿದ್ದೆ. ಅವನು ಅದನ್ನು ತಿರುಗಿಸಿ ನೋಡಿ, ತನ್ನ ಬಾಯಿಗಿಟ್ಟು, ಇಡೀ ನಿಲ್ದಾಣ ಬೆಚ್ಚಿ ನಿಲ್ಲುವ ಹಾಗೆ ಊದಿಬಿಟ್ಟ! ಮತ್ತೆ ನಗುತ್ತಾ ನನ್ನ ಕೈಗೆ ಕೊಟ್ಟ. ಅವನ ಎಂಜಲನ್ನು ಒರೆಸಿಕೊಳ್ಳುತ್ತಾ ನಾನು ಆ ದೇಶದೊಳಗೆ ಕಾಲಿಟ್ಟೆ.

ಮರುದಿನ: ಗೇಟಿನ ಬಳಿ

ಸ್ಟೇಡಿಯಂ ನೋಡಿದ ಕೂಡಲೇ ಸಿಟ್ಟೆಲ್ಲ ಇಳಿಯಿತು ಎಂದು ಬರೆಯಬೇಕು. ಇಳಿಯಿತು, ಎರಡು ನಿಮಿಷ. ಬಿಳಿಯ ಗೋಡೆ, ನಾಲ್ಕು ಮೂಲೆಗೆ ನಾಲ್ಕು ದೀಪದ ಕಂಬ, ಸಂಪಾಜೆ ಘಾಟಿಯ ಬುಡದಲ್ಲಿ ನಿಂತು ಮೇಲೆ ನೋಡಿದ ಹಾಗೆ ಕತ್ತು ನೋಯುವಷ್ಟು ಎತ್ತರ. ಒಳಗೆ ಹೋಗಿ ಹುಲ್ಲು ನೋಡಬೇಕು ಎಂದು ನಾನು ಹೆಚ್ಚುಕಡಿಮೆ ಓಡಿದೆ.

ಹುಲ್ಲೇ ಕಾಣಲಿಲ್ಲ. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಸಾಲು ಸಾಲು ಕುರ್ಚಿ, ಎದುರಿಗೆ ವೇದಿಕೆ. ಯಾವುದೋ ಕಾಲೇಜಿನ ಪದವಿ ಪ್ರದಾನವಂತೆ. ಕಪ್ಪು ನಿಲುವಂಗಿ ತೊಟ್ಟ ಮಕ್ಕಳು ಪೆನಾಲ್ಟಿ ಚೌಕದಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದರು.

"ಇದೆಂತ ಅಶ್ರಫ್?"

"ಇವತ್ತೊಂದು ದಿನ ಟೀಚರ್. ನಾಳೆ ತೆಗೀತಾರೆ."

ನಾಳೆ ತೆಗೆದರು. ತೆಗೆದ ಜಾಗದಲ್ಲಿ ಶಾಲೆಯ ಮಕ್ಕಳ ಕವಾಯತಿನ ಅಭ್ಯಾಸ. ಅದು ಮುಗಿದರೆ ಪೊಲೀಸ್ ನಾಯಿಗಳ ಪ್ರದರ್ಶನ. ಪಶ್ಚಿಮದ ಗ್ಯಾಲರಿಯ ಕೆಳಗೆ ಮದುವೆ ಹಾಲ್ ಉಂಟು. ಪೂರ್ವದ ಗ್ಯಾಲರಿಯ ಕೆಳಗೆ ಪರೀಕ್ಷೆ ಬರೆಸುತ್ತಾರೆ. ಹೊರಗಿನ ಕಾರು ನಿಲ್ಲಿಸುವ ಜಾಗದಲ್ಲಿ ಡ್ರೈವಿಂಗ್ ಟೆಸ್ಟ್, ರಿವರ್ಸ್ ತೆಗೆಯಲು ಬಾರದವರೆಲ್ಲ ಅಲ್ಲಿ ಕಂಬಕ್ಕೆ ಗುದ್ದುತ್ತಿದ್ದರು. ಚೆಂಡು ಎಂಬುದು ಮಾತ್ರ ಕಣ್ಣಿಗೆ ಬೀಳಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಹಳೆಯ ಉರಿ ಅದು. ನಮ್ಮ ಶಾಲೆಯ ಗ್ರೌಂಡಿನ ಕತೆಯೂ ಇದೇ ಅಲ್ಲವೇ? ಯಕ್ಷಗಾನದ ಟೆಂಟು ಅಲ್ಲಿ, ಕಣ್ಣಿನ ಶಿಬಿರ ಅಲ್ಲಿ, ಚುನಾವಣೆಯ ಜೀಪುಗಳು ಅಲ್ಲಿ. ಒಮ್ಮೆ ದೊಡ್ಡವರೊಬ್ಬರ ಹೆಲಿಕಾಪ್ಟರ್ ಇಳಿಸಲು ಗೋಲ್ ಕಂಬವನ್ನೇ ಕಿತ್ತರು. ಅದಕ್ಕೆ ಸುಣ್ಣದ ವೃತ್ತ ಹಾಕಿದವನೂ ಅಶ್ರಫನೇ. ಇದೆಲ್ಲ ವರ್ಷಕ್ಕೆ ಒಂದೆರಡು ಸಲದ ಕಾಟ. ದಿನನಿತ್ಯದ ಕಾಟ ಅಡಿಕೆಯದ್ದು. ದೀಪಾವಳಿ ಕಳೆದದ್ದೇ ತಡ, ಸುತ್ತಮುತ್ತಲಿನವರು ಅಡಿಕೆ ತಂದು ನನ್ನ ಗ್ರೌಂಡಿನಲ್ಲಿ ಹರವುತ್ತಿದ್ದರು. "ಒಳ್ಳೆ ಬಿಸಿಲು ಬೀಳ್ತದೆ ಟೀಚರ್, ಖಾಲಿ ಬಿದ್ದಿದೆಯಲ್ವಾ" ಎನ್ನುವುದು! ಮಕ್ಕಳು ಆಡುವ ಜಾಗ ಇವರ ಕಣ್ಣಿಗೆ ಖಾಲಿ. ನಾನು ಸೀಟಿ ಊದಿ ಓಡಿಸುವುದು, ಅವರು ಮರುದಿನ ಮತ್ತೆ ಬಂದು ಹರವುವುದು. ಅಂಗಳ ಕಂಡಲ್ಲಿ ಏನನ್ನಾದರೂ ಒಣಗಿಸದಿದ್ದರೆ ನಮ್ಮವರಿಗೆ ಉಂಡದ್ದು ಕರಗುವುದಿಲ್ಲ.

ನಾಲ್ಕನೆಯ ದಿನ: ಗ್ಯಾಲರಿಯಲ್ಲಿ

ಅವತ್ತು ನನ್ನನ್ನು ಒಂದು ಮೂಲೆಯಲ್ಲಿ ಕೂರಿಸಿ ಅಶ್ರಫ್ ನೀರು ಬಿಡಲು ಹೋಗಿದ್ದ. ಗಿರಿಜಕ್ಕ ಎಲ್ಲೋ ಕಾಣೆಯಾಗಿದ್ದಳು. ಹುಡುಕುತ್ತಾ ಹೋದರೆ ದಕ್ಷಿಣದ ಗೋಲಿನ ಹಿಂದಿನ ಗ್ಯಾಲರಿಯಲ್ಲಿ ಬಗ್ಗಿ ಏನೋ ಮಾಡುತ್ತಿದ್ದಾಳೆ. ಹತ್ತಿರ ಹೋದೆ. ಸೀಟುಗಳ ಮೇಲೆ ಅಶ್ರಫನ ಹೆಂಡತಿ ಮುಮ್ತಾಜಳ ಹಳೆಯ ದುಪ್ಪಟ್ಟಾಗಳನ್ನು ಹಾಸಿ, ಒಂದಕ್ಕೊಂದು ತಾಗದ ಹಾಗೆ ಹಲಸಿನ ಹಪ್ಪಳ!

"ಗಿರಿಜಕ್ಕ! ನಿನಗೆ ತಲೆ ಸರಿ ಉಂಟಾ?"

"ಎಂತ ಮಾಡುದು ಮತ್ತೆ? ಉಪ್ಪುನೀರು ತಾಗಿ ಮೆತ್ತಗಾಗಿದೆ. ಅಶ್ರಫನ ಮನೆ ಬಾಲ್ಕನಿಯಲ್ಲಿ ಬಟ್ಟೆ ಸಹ ಹಾಕ್ಲಿಕ್ಕಿಲ್ಲವಂತೆ, ಕಾನೂನಂತೆ. ಇಲ್ಲಿ ನೋಡು, ಎಷ್ಟು ಬಿಸಿಲು! ಹೇಗೂ ಖಾಲಿ ಬಿದ್ದಿದೆಯಲ್ವಾ."

ಖಾಲಿ ಬಿದ್ದಿದೆಯಂತೆ! ಇಪ್ಪತ್ತೊಂಬತ್ತು ವರ್ಷ ಯಾರ ಜೊತೆ ಜಗಳವಾಡಿದೆನೋ ಅವರೆಲ್ಲ ಒಟ್ಟಾಗಿ ನನ್ನ ಒಡಹುಟ್ಟಿದವಳ ಬಾಯಲ್ಲಿ ಕೂತಿದ್ದರು. ಅದೂ ಒಂದು ರಾಷ್ಟ್ರದ ಸ್ಟೇಡಿಯಂನಲ್ಲಿ. ಬೇಗ ಬೇಗ ತೆಗೆಯೋಣ ಎಂದು ನಾನು ಬಗ್ಗುವುದಕ್ಕೂ ಕಾವಲಿನ ಮುದುಕ ಮೆಟ್ಟಿಲು ಹತ್ತಿ ಬರುವುದಕ್ಕೂ ಸರಿಹೋಯಿತು. ಖಮೀಸ್ ಎಂದು ಅವನ ಹೆಸರು, ಅದೇ ಊರಿನವನು, ಉದ್ದದ ಬಿಳಿ ಅಂಗಿ, ಕೈಯಲ್ಲಿ ಬೆತ್ತ. ಮುಗಿಯಿತು ನಮ್ಮ ಕತೆ ಎಂದುಕೊಂಡೆ.

ಅವನು ಒಂದು ಹಪ್ಪಳ ಎತ್ತಿ ಮೂಸಿದ. ಮುರಿದು ನೋಡಿದ. ತಲೆ ಅಲ್ಲಾಡಿಸಿ, ಬೆತ್ತವನ್ನು ಸೀಟಿಗೆ ಒರಗಿಸಿ, ಹಪ್ಪಳಗಳನ್ನು ಒಂದೊಂದಾಗಿ ಮಗುಚಿ ಹಾಕತೊಡಗಿದ.

ಅವನ ಹಿಂದಿಯೂ ನನ್ನ ಹಿಂದಿಯಷ್ಟೇ ಕೆಟ್ಟದಾಗಿದ್ದುದರಿಂದ ನಮಗೆ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ಅರ್ಥವಾಯಿತು. ಈ ಜಾಗ ಮೊದಲು ಮೀನು ಒಣಗಿಸುವ ಬಯಲಾಗಿತ್ತಂತೆ. ಸಮುದ್ರ ಆಗ ಇಷ್ಟು ದೂರ ಇರಲಿಲ್ಲ. ಈಗ ಗೋಲ್ ಇರುವ ಕಡೆ ಅವನ ಅಮ್ಮ ಸಣ್ಣಮೀನು ಹರವಿ ದಿನವಿಡೀ ಮಗುಚುತ್ತಿದ್ದಳಂತೆ. ಆಮೇಲೆ ಬಂದರಿನ ಕೆಲಸಗಾರರು ಸಂಜೆ ಹೊತ್ತು ಮೀನು ಸರಿಸಿ ಚೆಂಡು ಒದೆಯಲು ಶುರುಮಾಡಿದರು. ಧೂಳು ಏಳದಿರಲೆಂದು ಮರಳಿನ ಮೇಲೆ ಎಣ್ಣೆ ಸುರಿಯುತ್ತಿದ್ದರು, ಬಿದ್ದವರ ಮೊಣಕಾಲು ವಾರಗಟ್ಟಲೆ ಕಪ್ಪಾಗಿರುತ್ತಿತ್ತು. ದೇಶಕ್ಕೆ ದುಡ್ಡು ಬಂದ ಮೇಲೆ ಗ್ಯಾಲರಿ ಬಂತು, ಹುಲ್ಲು ಬಂತು. ಮೊದಲ ಮ್ಯಾಚನ್ನು ಖಮೀಸ್ ಗೋಡೆ ಹತ್ತಿ ನೋಡಿದ್ದ. ಅವರ ತಂಡ ಸೋತಿತ್ತು. ನೆರೆಯ ದೇಶದಲ್ಲಿ ಯುದ್ಧವಾದ ವರ್ಷ ಓಡಿ ಬಂದ ಸಂಸಾರಗಳು ಇದೇ ಗ್ಯಾಲರಿಯ ಕೆಳಗೆ ಮಲಗಿದ್ದವು. ಕೊರೊನಾ ಕಾಲದಲ್ಲಿ ಹುಲ್ಲಿನ ಮೇಲೆ ಮಂಚಗಳನ್ನು ಹಾಕಿದ್ದರು. ಈದ್ ಹಬ್ಬದ ನಮಾಜಿಗೆ ಊರಿಗೆ ಊರೇ ಇಲ್ಲಿ ಸೇರುತ್ತದೆ.

"ಮತ್ತೆ ಆಟ?" ಎಂದು ಕೇಳಿದೆ.

"ಆಟವೂ ಆಗುತ್ತದೆ" ಎಂದ, ಊಟದ ಕೊನೆಗೆ ಉಪ್ಪಿನಕಾಯಿ ಬೇಕಾ ಎಂದು ಕೇಳುವವರ ಹಾಗೆ.

ಅವನ ಜೊತೆ ಜಗಳವಾಡುವ ಧೈರ್ಯ ನನಗಾಗಲಿಲ್ಲ. ಯುದ್ಧದಿಂದ ಓಡಿ ಬಂದವರಿಗೆ ಇಲ್ಲಿ ಆಟ ಉಂಟು ಹೋಗಿ ಎನ್ನಲಾದೀತೇ? ಆದರೆ ಹಪ್ಪಳಕ್ಕೆ ಆ ರಿಯಾಯಿತಿ ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ. ಗಿರಿಜಕ್ಕ ಮಾತ್ರ ಗೆದ್ದವಳ ಹಾಗೆ ನನ್ನನ್ನು ನೋಡುತ್ತಿದ್ದಳು. ಮರುದಿನದಿಂದ ಅವಳು ನನಗಿಂತ ಮೊದಲೇ ಸ್ಟೇಡಿಯಂಗೆ ಹೊರಡತೊಡಗಿದಳು.

ಎಂಟನೆಯ ದಿನ: ಮ್ಯಾಚ್

ಮ್ಯಾಚಿಗೆ ಎರಡು ದಿನ ಮೊದಲು ಒಂದು ಸಂಗೀತ ಕಾರ್ಯಕ್ರಮ ನಡೆಯಿತು. ಗ್ರೌಂಡಿನ ನಟ್ಟನಡುವೆ ಲಾರಿಗಟ್ಟಲೆ ಕಬ್ಬಿಣ ತಂದು ವೇದಿಕೆ ಕಟ್ಟಿದರು. ಅಶ್ರಫನ ಮುಖ ಬಾಡಿತ್ತು. ಬೆಳಿಗ್ಗೆ ವೇದಿಕೆ ಬಿಚ್ಚಿದಾಗ ಕಂಡದ್ದು, ಬಾಣಲೆಯ ತಳದಲ್ಲಿ ಸೀದ ಹಾಗೆ ಹಳದಿ ಹುಲ್ಲು. ಅಧಿಕಾರಿಗಳು ಬಂದರು, ಬಗ್ಗಿ ನೋಡಿದರು, ಫೋನಿನಲ್ಲಿ ಮಾತಾಡಿದರು, ಹೋದರು.

ಮ್ಯಾಚಿನ ದಿನ ನಾನು ಹೊಸ ಚೂಡಿದಾರ್ ಹಾಕಿ, ಸೀಟಿಯನ್ನು ದುಪ್ಪಟ್ಟಾದ ಒಳಗೆ ಅಡಗಿಸಿ, ನಾವು ಇಳಿದುಕೊಂಡಿದ್ದ ಅಶ್ರಫನ ಮನೆಯಲ್ಲಿ ಕೂತಿದ್ದೆ. ಅಶ್ರಫ್ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ.

"ಟೀಚರ್, ಮ್ಯಾಚ್ ಬೇರೆ ಊರಿಗೆ ಹಾಕಿದ್ರು. ನಾಡಿದ್ದು ಸಾಯಂಕಾಲಕ್ಕೆ. ಇಲ್ಲಿ ಹುಲ್ಲು ಸರಿ ಇಲ್ಲವಂತೆ."

ನಾಡಿದ್ದು ಮಧ್ಯಾಹ್ನ ನಮ್ಮ ವಿಮಾನ.

ಆಟಕ್ಕೆಂದೇ ಕಟ್ಟಿದ ಜಾಗದಲ್ಲಿ ನಾಯಿಯನ್ನು ಆಡಿಸಿ, ಮದುವೆ ಮಾಡಿಸಿ, ಹಾಡಿಸಿ, ಕುಣಿಸಿ, ಕೊನೆಗೆ ಜಾಗ ಆಟಕ್ಕೆ ಸರಿ ಇಲ್ಲ ಎನ್ನುವುದು! ಇದನ್ನು ಕೇಳಲು ನಾನು ಸಮುದ್ರ ದಾಟಿ ಬರಬೇಕಿತ್ತೇ? ನಮ್ಮೂರಿನ ಪಂಚಾಯತಿಯಲ್ಲಿ ಕೂತರೆ ವಾರಕ್ಕೊಮ್ಮೆ ಕೇಳಬಹುದಿತ್ತು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ತೀರಿಸುವುದು? ಎದುರಿಗೆ ನಿಂತವನ ಮೇಲೆ ತೀರಿಸಿದೆ.

"ನಿನ್ನನ್ನು ನಂಬಿ ಬಂದದ್ದೇ ನನ್ನ ತಪ್ಪು ಮಾರಾಯ. ಶಾಲೆಯಲ್ಲಿ ಇದ್ದಾಗಲೂ ನಿನ್ನಿಂದ ಒಂದು ಆಟ ಆಡ್ಲಿಕ್ಕೆ ಆಗ್ಲಿಲ್ಲ. ಈಗ ಒಂದು ಆಟ ತೋರಿಸ್ಲಿಕ್ಕೂ ಆಗುದಿಲ್ಲ."

ಅವನು ಟೀಚರಿಗೆ ಚಾ ಕೊಡು ಎಂದು ಮುಮ್ತಾಜಳಿಗೆ ಹೇಳಿ ಹುಲ್ಲು ಹಾಸುವ ಕೆಲಸಕ್ಕೆ ಹೊರಟುಹೋದ.

ಹೊರಡುವ ದಿನ: ಬೆಳಿಗ್ಗೆ

ಬೆಳಗಿನ ನಮಾಜು ಮುಗಿಸಿದವನೇ ಬಂದು ಕರೆದ. "ಒಂದು ಗಂಟೆ ಕೆಲಸ ಉಂಟು ಟೀಚರ್. ಬನ್ನಿ, ಬಿಸಿಲು ಇಲ್ಲ ಈಗ." ಎರಡು ದಿನದಿಂದ ನಾವು ಸರಿಯಾಗಿ ಮಾತಾಡಿರಲಿಲ್ಲ. ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಕೊನೆಯ ಹಪ್ಪಳಗಳನ್ನು ಗ್ಯಾಲರಿಯಿಂದ ತರಲಿಕ್ಕುಂಟು ಎಂದು ಗಿರಿಜಕ್ಕನೂ ಹೊರಟಳು.

ಹೊಸ ಹುಲ್ಲು ಹಾಸಿ ಆಗಿತ್ತು. ಮೊದಲ ಸಲ ಆ ಗ್ರೌಂಡನ್ನು ನಾನು ಬರಿದಾಗಿ ನೋಡಿದೆ. ಹಲಗೆಯಿಲ್ಲ, ಕುರ್ಚಿಯಿಲ್ಲ, ಬದಿಯಲ್ಲಿ ನಿಂತ ಖಮೀಸನನ್ನು ಬಿಟ್ಟರೆ ಯಾರೂ ಇಲ್ಲ. ಗೆರೆಯೂ ಇರಲಿಲ್ಲ. ಮುಂದಿನ ವಾರ ಇಲ್ಲೇ ನಡೆಯುವ ಇನ್ನೊಂದು ಮ್ಯಾಚಿಗೆ ಅಶ್ರಫ್ ಹೊಸದಾಗಿ ಹಾಕಬೇಕಿತ್ತು. ಗೆರೆ ಹಾಕುವ ಲೇಸರ್ ಮೆಷಿನ್ ರಿಪೇರಿಗೆ ಹೋಗಿತ್ತಂತೆ. ಅವನು ಗೂಟ ಹೊಡೆದು, ಚೀಲದಿಂದ ಒಂದು ಹಗ್ಗ ತೆಗೆದ. ಹಗ್ಗದಲ್ಲಿ ಮೂರು ಕಡೆ ಗಂಟು.

"ಈ ಗಂಟು ಎಂತದ್ದು?"

"ನೀವೇ ಕಲಿಸಿದ್ದಲ್ವಾ ಟೀಚರ್. ಒಂದು ಬದಿ ಮೂರು ಮೀಟರ್, ಇನ್ನೊಂದು ಬದಿ ನಾಲ್ಕು. ಓರೆಗೆ ಐದು ಬಂದ್ರೆ ಮೂಲೆ ಸರಿ ಉಂಟು ಅಂತ ಲೆಕ್ಕ." ಗಂಟು ಹಿಡಿದು ತೋರಿಸಿದ. "ಇಲ್ಲಿ ಕೆಲಸಕ್ಕೆ ತೆಗೊಳ್ಳುವಾಗ ಗೆರೆ ಹಾಕ್ಲಿಕ್ಕೆ ಯಾರಿಗೆ ಬರ್ತದೆ ಅಂತ ಕೇಳಿದ್ರು. ಕೈ ಎತ್ತಿದ್ದು ನಾನೊಬ್ಬ."

ನಾನು ಅವನಿಗೆ ಏನನ್ನಾದರೂ ಕಲಿಸಿದ್ದೇನೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವನನ್ನು ಆಟದಿಂದ ದೂರ ಇಡಲು ಕೊಟ್ಟ ಕೆಲಸ ಅದು.

"ಹನ್ನೊಂದು ವರ್ಷದಲ್ಲಿ ನೀನು ಇಲ್ಲಿ ಎಷ್ಟು ಸಲ ಆಡಿದ್ದಿ?"

"ನಾನಾ?" ಅವನು ನಕ್ಕ. "ಕೆಲಸದವರು ಚೆಂಡು ಮುಟ್ಲಿಕ್ಕಿಲ್ಲ ಟೀಚರ್. ಮುಟ್ಟಿದ್ರೆ ಕೆಲಸ ಹೋಯ್ತು. ಶಾಲೆಯಲ್ಲಿ ನೀವು ಬಿಡ್ಲಿಲ್ಲ, ಇಲ್ಲಿ ಇವರು ಬಿಡುದಿಲ್ಲ."

ದೂರುವ ಧ್ವನಿಯಲ್ಲಿ ಹೇಳಿದ್ದರೆ ನಾನು ತಿರುಗಿಸಿ ಏನಾದರೂ ಹೇಳುತ್ತಿದ್ದೆ. ಅವನು ತಮಾಷೆಗೆ ಹೇಳಿದ್ದ. ಅದಕ್ಕೇ ನನಗೆ ತಡೆದುಕೊಳ್ಳಲು ಆಗಲಿಲ್ಲ. ಮೂರು ವರ್ಷ, ವಾರಕ್ಕೆ ಎರಡು ಪಿರಿಯಡ್, ಒಬ್ಬ ಹುಡುಗ ಸುಣ್ಣದ ಬಕೆಟ್ ಹಿಡಿದು ಗೆರೆಯ ಹೊರಗೆ ನಿಂತು ನೋಡಿದ್ದಾನೆ. ನಾಚಿಕೆಯಾಯಿತು. ಗ್ರೌಂಡಿಗೆ ಅಡಿಕೆ ತಂದವರನ್ನು ಓಡಿಸಿದ ನಾನೇ ಒಬ್ಬ ಆಡುವ ಹುಡುಗನನ್ನೂ ಓಡಿಸಿದ್ದೆ.

"ಚೆಂಡು ಎಲ್ಲುಂಟು?"

"ಟೀಚರ್, ಬೇಡ..."

"ಚೆಂಡು ತಾ ಮಾರಾಯ!"

ಅವನು ಖಮೀಸನ ಕಡೆ ನೋಡಿದ. ಖಮೀಸ್ ಆಕಾಶ ನೋಡಿದ. ಮತ್ತೆ, ಹಪ್ಪಳ ಏನಾಯಿತೋ ನೋಡಿ ಬರುತ್ತೇನೆ ಎಂದು ನಮಗೆ ಬೆನ್ನು ಹಾಕಿ ಗ್ಯಾಲರಿಯ ಮೆಟ್ಟಿಲು ಹತ್ತತೊಡಗಿದ. ಅಷ್ಟು ನಿಧಾನವಾಗಿ ಮೆಟ್ಟಿಲು ಹತ್ತಿದವರನ್ನು ನಾನು ಕಂಡಿಲ್ಲ.

ಪೆನಾಲ್ಟಿ ಜಾಗದಲ್ಲಿ ಚೆಂಡು ಇಟ್ಟೆವು. ನಾನು ದುಪ್ಪಟ್ಟಾದ ಒಳಗಿನಿಂದ ಸೀಟಿ ತೆಗೆದು ಊದಿದೆ. ಅಷ್ಟು ದೊಡ್ಡ ಖಾಲಿ ಜಾಗದಲ್ಲಿ ಅದು ನಾಲ್ಕು ಕಡೆಯಿಂದ ತಿರುಗಿ ಬಂತು. ಅಶ್ರಫ್ ಓಡಿ ಬಂದು ಒದ್ದ. ಚೆಂಡು ಗೋಲಿನ ಮೇಲಿನಿಂದ ಹಾರಿ, ಕಾವಲಿನವನ ತಲೆ ಸವರಿ, ಹಪ್ಪಳಗಳ ನಡುವೆ ಬಿತ್ತು.

"ಪುಡಿ! ಎಲ್ಲ ಪುಡಿ ಆಯ್ತು ಲೀಲಾ!" ಗಿರಿಜಕ್ಕನ ಕೂಗು ಬಂತು.

"ಬಿದ್ದಿರ್ಲಿ! ಚೆಂಡು ಬಿಸಾಡು!" ಎಂದೆ. "ಅಶ್ರಫ್, ಕಾಲಿನ ತುದಿಯಲ್ಲಿ ಅಲ್ಲ, ಒಳಬದಿಯಲ್ಲಿ ಒದಿ. ಕಣ್ಣು ಚೆಂಡಿನ ಮೇಲೆ ಇರ್ಲಿ."

ಅವನಿಗೆ ಹದಿಮೂರು ವರ್ಷವಿದ್ದಾಗ ಹೇಳಬೇಕಿದ್ದ ಮಾತು. ಈಗ ಗಡ್ಡದಲ್ಲಿ ಬಿಳಿ ಬಂದಿದೆ. ಎರಡನೆಯದು ಕಂಬದ ಹೊರಗೆ. ಮೂರನೆಯದು ಇನ್ನೂ ಹೊರಗೆ. ಅವನು ಬೆವರು ಒರೆಸಿಕೊಂಡು ಹಗ್ಗದ ಕಡೆ ನೋಡಿದ.

"ಸಾಕು ಟೀಚರ್. ಗೆರೆ ಬಾಕಿ ಉಂಟು."

"ಗೆರೆ ನಾನು ಹಾಕ್ತೇನೆ. ನೀನು ಆಡು."

ಅವನು ಚೆಂಡು ತರಲು ಓಡಿದ.

ಬಣ್ಣದ ಗಾಡಿಯ ಹಿಡಿಕೆ ಹಿಡಿದು, ದೊಡ್ಡ ಚೌಕದ ಎಡಬದಿಯ ಗೆರೆಯನ್ನು ಗೋಲಿನ ಕಡೆಯಿಂದ ಶುರುಮಾಡಿದೆ. ಹಗ್ಗದ ಪಕ್ಕದಲ್ಲೇ ಚಕ್ರ ಹೋಗಬೇಕು, ಕತ್ತು ಅತ್ತಿತ್ತ ತಿರುಗಬಾರದು. ಇದನ್ನೂ ನಾನೇ ಅವನಿಗೆ ಹೇಳಿಕೊಟ್ಟದ್ದು. ಹಿಂದಿನಿಂದ ಒದೆಯುವ ಸದ್ದು, ಗಿರಿಜಕ್ಕ ಬೈಯುವ ಸದ್ದು, ಮತ್ತೆ ಒದೆಯುವ ಸದ್ದು. ಎಷ್ಟು ಸಲ ಎಂದು ನಾನು ಎಣಿಸಲಿಲ್ಲ. ಗೆರೆ ಮುಕ್ಕಾಲು ಮುಗಿದಿತ್ತು. ಆಗ ಬಲೆಗೆ ಚೆಂಡು ಬಡಿದ ಸದ್ದು ಕೇಳಿತು. ನಾನು ತಿರುಗಿ ನೋಡಿದೆ.

ಕಡಬ

ಮರುವಾರ ಅಶ್ರಫನ ಸ್ಟೇಡಿಯಂನಲ್ಲಿ ನಡೆದ ಮ್ಯಾಚನ್ನು ನನ್ನ ಮನೆಯ ಜಗಲಿಯಲ್ಲಿ ಕೂತು ಫೋನಿನಲ್ಲಿ ನೋಡಿದೆ. ಗಿರಿಜಕ್ಕ ಅಜ್ಜಾವರದಿಂದ ಉಳಿದ ಹಪ್ಪಳ ಕಾಯಿಸಿ ತಂದಿದ್ದಳು, ಎಲ್ಲವೂ ಚೂರು. ಬಲಗಡೆಯ ತಂಡ ಯಾವುದು, ಎಡಗಡೆಯದ್ದು ಯಾವುದು ಎಂದು ಕೇಳಿ ಕೇಳಿ ನನ್ನ ಜೀವ ತಿಂದಳು. ಗೆದ್ದವರು ಯಾರು ಎಂಬುದು ನನಗೆ ನೆನಪಿಲ್ಲ. ಕ್ಯಾಮೆರಾ ದಕ್ಷಿಣದ ಗೋಲಿಗೆ ಬಂದಾಗಲೆಲ್ಲ ನಾನು ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡೆ. ದೊಡ್ಡ ಚೌಕದ ಎಡಗೆರೆ ಮುಕ್ಕಾಲು ದೂರ ನೆಟ್ಟಗೆ ಬಂದು, ಅಲ್ಲೊಂದು ಕಡೆ ಸ್ವಲ್ಪ ಹೊರಕ್ಕೆ ಬಾಗಿ, ಮತ್ತೆ ಸರಿಯಾಗಿತ್ತು. ಹುಡುಕಿದವರಿಗೆ ಮಾತ್ರ ಕಾಣುವಷ್ಟು.

ಮ್ಯಾಚ್ ಮುಗಿದ ಮೇಲೆ ಅಶ್ರಫನಿಗೆ ಫೋನ್ ಮಾಡಿದೆ.

"ಗೆರೆ ಸೊಟ್ಟ ಉಂಟಲ್ಲ ಮಾರಾಯ. ನಾನು ಹೋದ ಮೇಲೆ ನೀನು ಸರಿ ಮಾಡ್ಲಿಲ್ವಾ?"

"ಗೊತ್ತುಂಟು ಟೀಚರ್" ಎಂದ. "ಅದು ಅಲ್ಲೇ ಇರ್ಲಿ."